ಒಂಬತ್ತನೇ ಪ್ರಶ್ನೆ

ಸೋಮವಾರ, ಮಾರ್ಚ್ ೪. ಸಂಜೆ

ಅಕ್ಷರ ಚೆನ್ನಾಗಿಲ್ಲ, ಕಾಗುಣಿತ ಅದಕ್ಕಿಂತ ಕಡೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆಮೇಲೆ ಬರೆದದ್ದೆಲ್ಲ ಅಂಗಡಿಗೆ ಬಂದವರ ಅಳತೆ — ಎದೆ ೩೪, ತೋಳು ೧೮. ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಆದರೂ ಕ್ಷಮೆ ಕೇಳಿಯೇ ಶುರು ಮಾಡೋಣ ಅನ್ನಿಸಿತು. ಕೇಳಿದ್ದಾಯಿತು.

ತರಬೇತಿಯ ಮೂರನೇ ದಿನ. ಇವತ್ತೂ ಚುಚ್ಚಿದ್ದೇ ಚುಚ್ಚಿದ್ದು. ಬೆಳಿಗ್ಗೆ ನೂರು, ಮಧ್ಯಾಹ್ನ ನೂರು, ಎಲ್ಲ ಕಿತ್ತಳೆ ಸಿಪ್ಪೆಯ ಮೇಲೆ. ಸೂಜಿ ಬೆರಳುದ್ದ, ತುದಿಯಲ್ಲಿ ಎರಡು ಕವಲು. ಸೀಸೆಯಲ್ಲಿ ಅದ್ದಿದರೆ ಕವಲಿನ ನಡುವೆ ಒಂದು ಹನಿ ನಿಲ್ಲುತ್ತದೆ. ಆ ಹನಿಯೇ ಸಿಡುಬಿನ ಲಸಿಕೆ. ಈಗ ಬರೀ ನೀರು. ಅಂಗಿ ಗುಂಡಿಯ ಅರ್ಧದಷ್ಟು ಜಾಗದಲ್ಲಿ ಹದಿನೈದು ಸಲ, ಬೇಗ ಬೇಗ, ಒಂದೇ ಸಮ. ನಿಜವಾದ ತೋಳಾದರೆ ಕೊನೆಗೆ ರಕ್ತದ ಚುಕ್ಕಿ ಇಣುಕಬೇಕು. ಹರಿಯಬಾರದು.

ನನಗೆ ಕಷ್ಟವಾಗಲಿಲ್ಲ. ದಿನವಿಡೀ ಗುಂಡಿಗೆ ಕಾಜಾ ಹೊಲಿಯುವವಳಿಗೆ ಹದಿನೈದು ಚುಚ್ಚು ಏನು ಮಹಾ.

ನಾವು ನಲವತ್ತು ಜನ. ನರ್ಸ್ ಒಬ್ಬರೂ ಇಲ್ಲ. ಅಂಚೆಯವರು, ವಾಚ್ ರಿಪೇರಿಯವರು, ಹೊಲಿಗೆಯವರು. ಪಕ್ಕದ ಕುರ್ಚಿಯಲ್ಲಿ ಕ್ಷೌರದಂಗಡಿಯ ಅಣ್ಣ, ಎಲ್ಲರೂ ಕತ್ತರಿ ಅನ್ನುತ್ತಾರೆ. ಬಾಯಿ ಮುಚ್ಚುವುದೇ ಇಲ್ಲ. "ಇಷ್ಟು ವರ್ಷ ರಕ್ತ ಬಂದ್ರೆ ಗಿರಾಕಿ ಬೈತಿದ್ದ. ಈಗ ಬರದಿದ್ರೆ ಈ ಅಜ್ಜಿ ಬೈತಾರೆ. ನನ್ನ ಹಣೆಬರಹ ನೋಡು."

ಅಜ್ಜಿ ಅಂದರೆ ಮೇಷ್ಟ್ರಮ್ಮ. ಎಪ್ಪತ್ತು ದಾಟಿದೆ. ಮುಖದ ತುಂಬ ಸಿಡುಬಿನ ಕಲೆ. ಮೊದಲನೇ ದಿನವೇ ಹೇಳಿದರು — "ಈ ಮುಖ ಸರಿಯಾಗಿ ನೋಡ್ಕೊಳ್ಳಿ. ಇದೇ ನಿಮ್ಮ ಪಠ್ಯಪುಸ್ತಕ. ಇನ್ನೊಂದು ಪ್ರತಿ ಸಿಗಲ್ಲ."

ದಿನದ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆದು ಶನಿವಾರ ಒಪ್ಪಿಸಬೇಕು. ಅದು ಆಫೀಸಿನದು. ಇದು ನನ್ನದು.

ಮಂಗಳವಾರ, ಮಾರ್ಚ್ ೫

ಕಿತ್ತಳೆ ಸಾಲದು ಅನ್ನಿಸುತ್ತಿತ್ತು. ಅದು ಅಲುಗುವುದಿಲ್ಲ, ಮನುಷ್ಯನ ತೋಳು ಅಲುಗುತ್ತದೆ. ಹೇಳಲು ಬಾಯಿ ಬರಲಿಲ್ಲ. ಅಂಗಡಿಯಲ್ಲಿ ಉಳಿದ ಮೆತ್ತನೆ ತೊಗಲು ತಂದು, ಹತ್ತಿ ತುಂಬಿ, ಒಂದು ತೋಳು ಹೊಲಿದೆ. ಮೊಣಕೈಯೂ ಇದೆ. ಬೆಳಿಗ್ಗೆ ಯಾರೂ ಬರುವ ಮುಂಚೆ ಮೇಷ್ಟ್ರಮ್ಮನ ಮೇಜಿನ ಮೇಲಿಟ್ಟು ಬಂದೆ.

ಅವರು ಅದನ್ನು ಕೈಯಲ್ಲಿ ಹಿಡಿದು ಹಿಂಡಿದರು. ಸೂಜಿ ಚುಚ್ಚಿ ನೋಡಿದರು. "ಇದನ್ನ ಮಾಡಿದ್ದು ಯಾರು?"

ನಾನು ತಲೆ ಎತ್ತಲಿಲ್ಲ. ಕತ್ತರಿ ಅಣ್ಣ ನನ್ನ ಕಡೆ ಬೆರಳು ತೋರಿಸಿಬಿಟ್ಟ.

"ಇನ್ನೂ ಎಂಟು ಬೇಕು. ದಪ್ಪದ್ದು ನಾಲ್ಕು, ಮಕ್ಕಳದ್ದು ಮೂರು. ಒಂದು ನನ್ನ ಥರ ಸುಕ್ಕಿಂದು."

ಅಷ್ಟೇ ಹೇಳಿದ್ದು. ದಾರಿಯುದ್ದಕ್ಕೂ ಕಾಲು ನೆಲಕ್ಕೆ ತಾಗಲಿಲ್ಲ.

ಶುಕ್ರವಾರ, ಮಾರ್ಚ್ ೮

ಡಾಕ್ಟರಮ್ಮ ಬಂದಿದ್ದರು. ಈ ಯೋಜನೆಯೆಲ್ಲ ಅವರದು. ಗಟ್ಟಿಯಾಗಿ ಮಾತಾಡುವುದಿಲ್ಲ, ಆದರೆ ಹಿಂದಿನ ಸಾಲಿಗೂ ಕೇಳುತ್ತದೆ.

ವಾಚ್ ರಿಪೇರಿಯವರು ಕೇಳಿದರು — "ಸಿಡುಬು ಹೋಗಿ ಎಷ್ಟೋ ಕಾಲ ಆಯ್ತಲ್ಲ ಮೇಡಂ. ಈಗ್ಯಾಕೆ?"

"ಹೋಗಿದೆ. ಅದಕ್ಕೇ. ಇದು ಇನ್ನು ತಾನಾಗಿ ಬರಲ್ಲ. ಬಂದ್ರೆ ಯಾರೋ ಬೇಕು ಅಂತ ತಂದ್ರು ಅಂತ ಅರ್ಥ. ತಂದವನನ್ನ ಹಿಡಿಯೋದು ಪೊಲೀಸಿನ ಕೆಲಸ. ಅವನಿಗಿಂತ ಮುಂದೆ ಓಡೋದು ನಮ್ಮದು."

ಕಾಯಿಲೆ ಬಂದ ದಿನ ನರ್ಸುಗಳೆಲ್ಲ ಆಸ್ಪತ್ರೆಯಲ್ಲಿರುತ್ತಾರೆ. ಬೀದಿಗೆ ಇಳಿಯುವವರು ಬೇರೆ ಬೇಕು. ರೋಗಿ ಸಿಕ್ಕ ಮನೆಯ ಸುತ್ತ, ಅವರು ಮುಟ್ಟಿದವರ ಸುತ್ತ, ಆ ಮುಟ್ಟಿದವರ ಮನೆಯವರ ಸುತ್ತ ಲಸಿಕೆಯ ಬೇಲಿ ಹಾಕುವುದು. ನಾಲ್ಕು ದಿನದ ಒಳಗೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಬದಲು ಈಗಲೇ ತೋಡುತ್ತಿದ್ದೇವೆ, ನೀರು ಬೇಕಾಗದೆ ಹೋದರೆ ಅದೇ ಗೆಲುವು ಅಂದರು. ಬೇಕಾಗದೆ ಹೋಗಲಿ ಅಂತ ಇಷ್ಟು ಚೆನ್ನಾಗಿ ಕೆಲಸ ಮಾಡುವವರನ್ನು ನಾನು ಹಿಂದೆ ನೋಡಿಲ್ಲ.

ಮಧ್ಯಾಹ್ನ ಎಲ್ಲರಿಗೂ ಫಾರಂ. ತರಬೇತಿ ಹಾಲಿನ ಮಧ್ಯೆ ಮೇಜು. ಗುಮಾಸ್ತ ಗಟ್ಟಿಯಾಗಿ ಓದುತ್ತಾರೆ, ನಾವು ಉತ್ತರ ಹೇಳಬೇಕು. ಹಿಂದೆ ಉದ್ದ ಸಾಲು. ಹದಿನಾಲ್ಕು ಪ್ರಶ್ನೆ.

ಒಂಬತ್ತನೆಯದು — "ನಿಮಗೆ ಅಥವಾ ಮನೇಲಿ ಯಾರಿಗಾದ್ರೂ ಎಕ್ಸಿಮಾ, ಇಸುಬು, ಚರ್ಮದ ತೊಂದರೆ ಇದೆಯಾ?"

"ಇಲ್ಲ" ಅಂದೆ.

ಯೋಚಿಸಲೇ ಇಲ್ಲ. ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರ. ಅಕ್ಕನ ಮಗಳು ಪುಟ್ಟಿಗೆ ಹುಟ್ಟಿದ ಆರು ತಿಂಗಳಿಂದ ಇಸುಬು. ಹಳೆಯ ಶಾಲೆಯಲ್ಲಿ ಅವಳೊಬ್ಬಳನ್ನೇ ಬೇರೆ ಬೆಂಚಿನಲ್ಲಿ ಕೂರಿಸಿದರು. ಅಂಟುವ ಕಾಯಿಲೆಯಲ್ಲ ಅಂತ ಅಕ್ಕ ಎಷ್ಟು ಹೇಳಿದರೂ ಕೇಳಲಿಲ್ಲ. ಶಾಲೆ ಬದಲಾಯಿಸಿದೆವು, ಮನೆಯೂ ಬದಲಾಯಿತು. ಅಂದಿನಿಂದ ಅಕ್ಕನ ಕಟ್ಟಪ್ಪಣೆ — ಯಾರು ಕೇಳಿದರೂ ಇಲ್ಲ. ಸೊಳ್ಳೆ ಕಚ್ಚಿದ್ದು. ಪುಟ್ಟಿಗೂ ಹೇಳಿಕೊಟ್ಟಿದ್ದಾಳೆ. ಏಳು ವರ್ಷದ ಮಗು ಕಣ್ಣು ಮಿಟುಕಿಸದೆ ಹೇಳುತ್ತದೆ.

ನಾನೂ ಹಾಗೇ ಹೇಳಿದೆ. ಗುಮಾಸ್ತ ಟಿಕ್ ಹಾಕಿದರು. ಮುಂದಿನವರು ಬಂದರು.

ಶನಿವಾರ, ಮಾರ್ಚ್ ೯

ಮೊದಲನೇ ತಂಡಕ್ಕೆ ಹನ್ನೆರಡು ಜನ. ಮೊದಲು ಬಾಗಿಲು ತಟ್ಟುವವರು, ಆದ್ದರಿಂದ ಲಸಿಕೆಯನ್ನು ಮೊದಲೇ ಹಾಕಿಸಿಕೊಂಡಿರಬೇಕು. ಹೆಸರು ಓದಿದರು. ಮೂರನೆಯದು ನನ್ನದು.

ಮನೆಗೆ ಬಂದು ಹೇಳಿದೆ. ಭಾವ ಬಸ್ ಡ್ರೈವರ್, ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದರು, ಸಾಕ್ಸ್ ಕೂಡ ತೆಗೆದಿರಲಿಲ್ಲ. "ಇಲ್ಲದ ಕಾಯಿಲೆಗೆ ಇರೋ ಕೆಲಸಕ್ಕೆ ರಜ. ಭೇಷ್. ನಾಳೆಯಿಂದ ನಾನೂ ಇಲ್ಲದ ಸ್ಟಾಪಲ್ಲಿ ಬಸ್ ನಿಲ್ಲಿಸ್ತೀನಿ."

ಅಕ್ಕ ಗದರಿದಳು. "ಸುಮ್ಮನಿರಿ. ಈ ಮನೇಲಿ ಯಾರ ಹೆಸರನ್ನಾದ್ರೂ ಯಾರಾದ್ರೂ ಓದಿದ್ದು ಇದೇ ಮೊದಲು." ಆಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿದಳು. ಬಹಳ ದಿನದ ಮೇಲೆ.

ಲಸಿಕೆ ಇಪ್ಪತ್ತನೇ ತಾರೀಖು, ಬುಧವಾರ.

ಮಂಗಳವಾರ, ಮಾರ್ಚ್ ೧೨

ಪುಟ್ಟಿ ಮಲಗಿದ ಮೇಲೆ ಕತ್ತಲಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಇನ್ನೂ ಕೆಟ್ಟಿದ್ದರೆ ಅದಕ್ಕೇ.

ಇವತ್ತು ಲಸಿಕೆ ಹಾಕಿದ ಮೇಲೆ ಏನಾಗುತ್ತದೆ ಅನ್ನುವ ಪಾಠ. ಚುಚ್ಚಿದ ಜಾಗದಲ್ಲಿ ಗುಳ್ಳೆ ಏಳುತ್ತದೆ, ಕೀವಾಗುತ್ತದೆ, ಹಕ್ಕಳೆ ಕಟ್ಟಿ ಉದುರುತ್ತದೆ. ಸುಮಾರು ಮೂರು ವಾರ, ಕೆಲವರಿಗೆ ಹೆಚ್ಚು. ಅದರಲ್ಲಿರುವುದು ಸಿಡುಬಲ್ಲ, ಅದರ ದೂರದ ನೆಂಟ. ಆದರೆ ಜೀವಂತ. ಹಕ್ಕಳೆ ಉದುರುವ ತನಕ ಮುಚ್ಚಿಡಬೇಕು, ಟವೆಲ್ಲು ಬೇರೆ ಇಡಬೇಕು.

ಮೇಷ್ಟ್ರಮ್ಮ ಕುರ್ಚಿ ಎಳೆದು ಕೂತರು. ಅವರು ಕೂತು ಪಾಠ ಮಾಡಿದ್ದನ್ನು ನಾನು ನೋಡಿರಲಿಲ್ಲ.

"ನನಗಾಗ ಇಪ್ಪತ್ತೊಂದು. ದಿನಕ್ಕೆ ಮುನ್ನೂರು ಜನಕ್ಕೆ ಹಾಕ್ತಿದ್ದೆ. ನನ್ನಷ್ಟು ಬೇಗ ಯಾರ ಕೈಯೂ ಓಡ್ತಿರಲಿಲ್ಲ. ಅದೇ ಒಂದು ಜಂಬ. ಒಂದಿನ ಒಬ್ಬ ತಂದೆಗೆ ಹಾಕಿದೆ. ಮನೇಲಿ ಮಗುವಿಗೆ ಇಸುಬು ಇತ್ತು. ನಾನು ಕೇಳಲಿಲ್ಲ. ಆತ ಹೇಳಲಿಲ್ಲ. ಅಪ್ಪನ ತೋಳಿನ ಗುಳ್ಳೆ ಮಗುವಿಗೆ ತಾಗ್ತು. ಒಡೆದ ಚರ್ಮ ಅಲ್ವಾ, ಮೈತುಂಬ ಹರಡ್ತು. ಹನ್ನೊಂದು ದಿನ ಇತ್ತು, ಆಮೇಲೆ ಹೋಯ್ತು. ಸಿಡುಬಿಂದ ಅಲ್ಲ. ನನ್ನಿಂದ."

ಮೇಷ್ಟ್ರಮ್ಮ ಸೂಜಿಯ ಡಬ್ಬಿಗೆ ಮುಚ್ಚಳ ಹಾಕಿದರು.

"ಅದಕ್ಕೇ ಒಂಬತ್ತನೇ ಪ್ರಶ್ನೆ ಇರೋದು. ಅದನ್ನ ಸೇರಿಸಿದ್ದು ನಾನು."

ನಲವತ್ತು ಜನರ ಮುಂದೆ, ಬೇರೆ ಯಾರಿಗೂ ಗೊತ್ತಿಲ್ಲದ ತಪ್ಪನ್ನು, ಧ್ವನಿ ಏರಿಸದೆ ಹೇಳಿದರು. ನಾನಾಗಿದ್ದರೆ ಸತ್ತರೂ ಹೇಳುತ್ತಿರಲಿಲ್ಲ.

ಹೇಳಲಿಲ್ಲ ಕೂಡ.

ಬುಧವಾರ, ಮಾರ್ಚ್ ೧೩

ಪುಟ್ಟಿ ಮಲಗುವುದೇ ನನ್ನ ಎಡತೋಳಿನ ಮೇಲೆ. ಲಸಿಕೆ ಹಾಕುವುದೂ ಎಡತೋಳಿಗೇ.

ಭಾನುವಾರ, ಮಾರ್ಚ್ ೧೭

ಮೂರು ದಿನ ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸಿತು.

ಯೋಚಿಸಿದ್ದು ಒಂದೆರಡಲ್ಲ. ಗಟ್ಟಿಯಾಗಿ ಬ್ಯಾಂಡೇಜ್ ಕಟ್ಟಿಕೊಂಡರೆ? ಅಂಗಡಿಯಲ್ಲೇ ಮಲಗಿದರೆ? ಪುಟ್ಟಿಯನ್ನು ಬಯ್ದು ದೂರ ಇಟ್ಟರೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೇಗೆ ತಿರುಗಿಸಿದರೂ ಕೊನೆಗೆ ಎರಡೇ. ಒಂದು, ಹೇಳುವುದು. ತಂಡದಿಂದ ಹೆಸರು ಹೋಗುತ್ತದೆ. ಅಕ್ಕನ ಗುಟ್ಟೂ ಹೋಗುತ್ತದೆ. ಇನ್ನೊಂದು, ಹೇಳದೆ ಇರುವುದು.

ಪುಟ್ಟಿಗೆ ಮುಲಾಮು ಹಚ್ಚಿದೆ. ಮೊಣಕೈ ಒಳಗೆ ಮತ್ತೆ ಒಡೆದಿದೆ. ಬೇರೆ ಯಾರು ಹಚ್ಚಿದರೂ ಅವಳು ಕಿರುಚುತ್ತಾಳೆ.

"ಚಿಕ್ಕಮ್ಮ, ನಿನ್ನ ಕೈ ಯಾಕೆ ತಣ್ಣಗಿದೆ?"

"ನೀರು ಮುಟ್ಟಿದೆ."

"ಸುಳ್ಳು."

ನಾವೇ ಕಲಿಸಿದ್ದು. ಸುಳ್ಳು ಯಾವುದು ಅಂತ ಅವಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಮಂಗಳವಾರ, ಮಾರ್ಚ್ ೧೯. ಮಧ್ಯಾಹ್ನ

ಕೊಟ್ಟೆ.

ಬಾಯಲ್ಲಿ ಹೇಳಲು ಎರಡು ಸಲ ಹೋಗಿ ವಾಪಸ್ ಬಂದಿದ್ದೆ. ಒಂದು ಸಲ "ಸೂಜಿ ಮುಗಿದಿದೆ" ಅಂದೆ, ಮುಗಿದಿರಲಿಲ್ಲ. ಕೊನೆಗೆ ಚೀಟಿ ಬರೆದೆ. ಮನೆಯಲ್ಲಿ ಮಗುವಿಗೆ ಇಸುಬು ಇದೆ, ನಾನು ಇಲ್ಲ ಅಂದೆ, ಒಂದು ತಿಂಗಳು ಬೇರೆ ಕಡೆ ಇರುತ್ತೇನೆ, ದಯವಿಟ್ಟು ತಂಡದಿಂದ ತೆಗೆಯಬೇಡಿ. ಮೂರು ಸಲ ಹರಿದು ನಾಲ್ಕನೇ ಸಲ ಸರಿಯಾಯಿತು.

ಮೇಷ್ಟ್ರಮ್ಮ ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಓದಿದರು.

"ಇದನ್ನ ಬರೆಯೋಕೆ ಎಷ್ಟು ದಿನ ಹಿಡೀತು?"

"ಏಳು ದಿನ."

"ನನಗೆ ಐವತ್ತು ವರ್ಷ." ಚೀಟಿ ಮಡಚಿದರು. "ಬಾ."

ಡಾಕ್ಟರಮ್ಮನ ಕೋಣೆ. ಅವರೂ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

"ಒಂದು ತಿಂಗಳು ಎಲ್ಲಿರ್ತೀಯ?"

"ಅಂಗಡೀಲಿ."

"ಮಗು ನಿನ್ನ ನೋಡೋಕೆ ಅಂಗಡಿಗೆ ಬಂದ್ರೆ?"

ಬರುತ್ತಾಳೆ. ಖಂಡಿತ ಬರುತ್ತಾಳೆ.

"ಕಾಯಿಲೆ ಊರೊಳಗೆ ಬಂದ ದಿನ ಮಾತು ಬೇರೆ. ಕಾಯಿಲೆ ಇಲ್ಲದ ದಿನ ಒಂದು ಮಗುವನ್ನೂ ಪಣಕ್ಕೆ ಇಡಲ್ಲ. ನಿನ್ನಂಥ ಕೈ ಸಿಗುತ್ತೆ ಅಂದ್ರೂ ಇಡಲ್ಲ." ಪಟ್ಟಿ ತೆಗೆದು ಮೂರನೇ ಹೆಸರಿನ ಮೇಲೆ ಗೆರೆ ಎಳೆದರು. ಸ್ಕೇಲ್ ಇಟ್ಟು, ನೇರವಾಗಿ.

ಹೊರಗೆ ಬರುವಾಗ ಬಾಗಿಲಿನವರೆಗೂ ಅಳು ತಡೆದುಕೊಂಡೆ.

ಬುಧವಾರ, ಮಾರ್ಚ್ ೨೦. ಸಂಜೆ

ಇವತ್ತು ಲಸಿಕೆಯ ದಿನ. ಹೋಗಬಾರದು ಅಂತಿದ್ದೆ. ಮೇಷ್ಟ್ರಮ್ಮ ಹೇಳಿ ಕಳಿಸಿದ್ದರು, ಹೋದೆ.

ಲಸಿಕೆ ಹಾಕಲಿಲ್ಲ. ಫಾರಂ ಮತ್ತೆ ಶುರುವಿಂದ. ಈ ಸಲ ಹಾಲಿನಲ್ಲಲ್ಲ. ಸ್ಟೋರ್ ರೂಮಿನಲ್ಲಿ ಎರಡು ಕುರ್ಚಿ, ಬಾಗಿಲು ಹಾಕಿ, ಒಬ್ಬೊಬ್ಬರನ್ನೇ. ನಲವತ್ತು ಜನರನ್ನೂ. ಗುಮಾಸ್ತ ಗೊಣಗಿದರು — "ಒಂದ್ಸಲ ಕೇಳಿ ಆಗಿದೆಯಲ್ಲ ಮೇಡಂ, ಉತ್ತರ ಏನು ಬದಲಾಗುತ್ತೆ?"

ಆರು ಜನರ ಉತ್ತರ ಬದಲಾಯಿತು. ಯಾರು ಅಂತ ಹೇಳಲಿಲ್ಲ, ಕೇಳಲೂ ಇಲ್ಲ. ಒಬ್ಬರು ಹೊರಗೆ ಬಂದಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕತ್ತರಿ ಅಣ್ಣ ಮಾತ್ರ ತಾನೇ ಬಂದು ಹೇಳಿದ — "ಮನೇಲಿ ಬಸುರಿ ಇದ್ದಾರಾ ಅಂತಲೂ ಫಾರಂನಲ್ಲಿತ್ತಲ್ಲ. ನಮ್ಮನೆಯವಳು ಬಸುರಿ, ಮೂರು ತಿಂಗಳು. ತುಂಬೋತನಕ ಯಾರಿಗೂ ಹೇಳಬೇಡ ಅಂದಿದ್ಲು. ಹಾಲಲ್ಲಿ ಎಲ್ಲರೆದುರು ಹೇಗೆ ಹೇಳೋದು ಹೇಳು. ನನ್ನ ಬಾಯಿ ಎಂಥದ್ದು ಅಂತ ನಿನಗೆ ಗೊತ್ತು. ಅದೊಂದನ್ನ ಬಾಯಿ ಬಿಟ್ಟಿರಲಿಲ್ಲ."

ಆರು ಮನೆ. ನನ್ನದು ಸೇರಿ ಏಳು.

ಸಂಜೆ ಡಾಕ್ಟರಮ್ಮ ಎಲ್ಲರ ಮುಂದೆ ನಿಂತು ಹೇಳಿದ್ದು: "ಪ್ರಶ್ನೆ ಸರಿಯಿತ್ತು. ಕೇಳಿದ ಜಾಗ ತಪ್ಪಿತ್ತು. ತಪ್ಪು ನನ್ನದು." ಯಾರಿಂದ ಗೊತ್ತಾಯಿತು ಅಂತ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅದು ಎಷ್ಟು ದೊಡ್ಡ ಉಪಕಾರ ಅಂತ ನನಗೆ ಗೊತ್ತು.

ಎಲ್ಲರೂ ಹೋದ ಮೇಲೆ ಮೇಷ್ಟ್ರಮ್ಮ ಕರೆದರು.

"ಇನ್ನು ಆ ಕೋಣೇಲಿ ಕೂತು ಕೇಳೋ ಕೆಲಸ ನಿಂದು."

"ನನಗೆ ಮಾತಾಡೋಕೆ ಬರಲ್ಲ."

"ಮಾತಾಡೋರು ಬೇಡ. ಹೇಳಿಕೊಟ್ಟು ಕಲಿತ 'ಇಲ್ಲ' ಹೇಗಿರುತ್ತೆ ಅಂತ ಗೊತ್ತಿರೋರು ಬೇಕು. ನನಗೆ ಗೊತ್ತಾಗಲ್ಲ. ನಿನಗೆ ಗೊತ್ತಾಗುತ್ತೆ."

ಗುರುವಾರ, ಮಾರ್ಚ್ ೨೧

ಅಕ್ಕನಿಗೆ ಹೇಳಿದೆ.

"ಆಫೀಸಲ್ಲಿ ಹೇಳಿದ್ಯಾ? ನನ್ನ ಮಗಳ ವಿಷಯ?"

"ಬಾಗಿಲು ಹಾಕಿ ಹೇಳಿದ್ದು."

"ಬಾಗಿಲಿಗೂ ಕಿವಿ ಇರುತ್ತೆ. ನಾಳೆ ಶಾಲೆಗೆ ತಲುಪುತ್ತೆ. ಎಷ್ಟು ವರ್ಷ ಹೊಟ್ಟೇಲಿಟ್ಕೊಂಡು ಬಂದೆ, ನೀನು ಒಂದೇ ಚೀಟೀಲಿ... ಹೊರಗಿನವರು ಮಾಡಿದ್ರೆ ತಡ್ಕೋಬಹುದು."

ಭಾವ ಎದ್ದು ಪುಟ್ಟಿಯನ್ನು ಹೊರಗೆ ಕರೆದುಕೊಂಡು ಹೋದರು. ತಮಾಷೆ ಸಿಗಲಿಲ್ಲ ಅವರಿಗೂ.

ಅಕ್ಕ ನನ್ನ ತಟ್ಟೆಯನ್ನು ದೂರ ಇಟ್ಟು ಬಡಿಸಿದಳು.

ಗುರುವಾರ, ಮಾರ್ಚ್ ೨೮

ಒಂದು ವಾರ. ಅಕ್ಕ ಪುಟ್ಟಿಯ ಮೂಲಕ ಮಾತಾಡುತ್ತಾಳೆ. "ಚಿಕ್ಕಮ್ಮನಿಗೆ ಹೇಳು, ಬಕೆಟ್ ಖಾಲಿ ಇದೆ." ಪುಟ್ಟಿಗೆ ಇದು ಆಟ.

ಕೋಣೆಯಲ್ಲಿ ಕೂರುವ ಅಭ್ಯಾಸ ನಡೆದಿದೆ. ಮೇಷ್ಟ್ರಮ್ಮ ಗಿರಾಕಿ, ನಾನು ಕೇಳುವವಳು. ಮೊದಲ ದಿನ ನನ್ನ ಧ್ವನಿ ನನಗೇ ಕೇಳಲಿಲ್ಲ. "ಇನ್ನೂ ಮೆಲ್ಲಗೆ ಕೇಳಿದ್ರೂ ಪರವಾಗಿಲ್ಲ" ಅಂದರು. "ಅವರು ಬಗ್ಗಿ ಹತ್ತಿರ ಬರ್ತಾರೆ. ಬಗ್ಗಿದವರು ನಿಜ ಹೇಳ್ತಾರೆ."

ನನ್ನ ಸಂಕೋಚದಿಂದ ಯಾರಿಗಾದರೂ ಉಪಯೋಗವಿದೆ ಅಂತ ಇವರೊಬ್ಬರೇ ಹೇಳಿದ್ದು.

ಸೋಮವಾರ, ಏಪ್ರಿಲ್ ೧

ಮಧ್ಯಾಹ್ನ ಅಕ್ಕ ತರಬೇತಿ ಹಾಲಿಗೇ ಬಂದಳು. ಹೇಳಿರಲಿಲ್ಲ. ಸೆರಗು ಬಿಗಿದು ಸಿಕ್ಕಿಸಿದ್ದಳು, ಅಂದರೆ ಜಗಳಕ್ಕೆ.

"ಇಲ್ಲಿ ದೊಡ್ಡವರು ಯಾರು?"

ಮೇಷ್ಟ್ರಮ್ಮ ಎದ್ದು ಬಂದರು. ಅಕ್ಕ ಅವರ ಮುಖ ನೋಡಿದಳು, ಆ ಕಲೆಗಳನ್ನು. ಏನು ಹೇಳಲು ಬಂದಿದ್ದಳೋ ಅದು ಸ್ವಲ್ಪ ತಡವಾಯಿತು. ಮೇಷ್ಟ್ರಮ್ಮ ಅಷ್ಟರಲ್ಲಿ ಅವಳನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ನಾನು ಹೊರಗೆ ನಿಂತೆ. ಅರ್ಧ ಗಂಟೆ. ಒಳಗೆ ಮೊದಲು ಅಕ್ಕನ ಧ್ವನಿ ಏರಿತು. ಆಮೇಲೆ ಇಳಿಯಿತು. ಆಮೇಲೆ ಏನೂ ಇಲ್ಲ.

ಮನೆಗೆ ಒಟ್ಟಿಗೆ ನಡೆದೆವು. ಅರ್ಧ ದಾರಿ ಆದ ಮೇಲೆ ಅಕ್ಕ ಬಾಯಿ ಬಿಟ್ಟಳು. ನೇರವಾಗಿ ನನಗೇ.

"ಮುಖ ನೋಡಿ ಶಾಲೇಲಿ ಮೇಷ್ಟ್ರಮ್ಮನನ್ನೂ ಬೇರೆ ಕೂರಿಸ್ತಿದ್ರಂತೆ. ಗೊತ್ತಿತ್ತಾ ನಿನಗೆ?"

"ಇಲ್ಲ."

"ಪುಟ್ಟಿಯಂಥವರಿಗೆ ಬೇರೆ ಲಸಿಕೆ ಇದೆಯಂತೆ. ಸೌಮ್ಯದ್ದು. ಗುಳ್ಳೆ ಏಳಲ್ವಂತೆ. ಈ ಊರಿಗೆ ಬಂದಿರೋದು ಒಂದೇ ಪೆಟ್ಟಿಗೆ. ಯಾಕೆ ಅಷ್ಟೇ ಅಂತ ಜಗಳ ಆಡಿದೆ. ಎಷ್ಟು ಜನಕ್ಕೆ ಬೇಕು ಅಂತ ಯಾರೂ ಹೇಳಿಲ್ಲ, ಎಲ್ಲ ಮನೇಲೂ ಇಲ್ಲ ಅಂತಾರೆ, ಇಲ್ಲ ಅಂದವರಿಗೆ ಪೆಟ್ಟಿಗೆ ಹೇಗೆ ತರಿಸೋದು ಅಂದ್ರು."

ರಸ್ತೆ ದಾಟಿದೆವು.

"ಬರೆಸಿ ಬಂದೆ. ಪುಟ್ಟಿ ಹೆಸರು. ಪೂರ್ತಿ ಹೆಸರು, ವಿಳಾಸ ಎಲ್ಲ. ಆ ಹೆಸರಿನ ಪುಸ್ತಕ ಬೀರುವಿನಲ್ಲಿಟ್ಟು ಬೀಗ ಹಾಕ್ತಾರಂತೆ. ಬೀಗ ಎಳೆದು ನೋಡಿಯೇ ಬಂದೆ."

"ಮೊದಲನೇ ಹೆಸರಾ?"

"ಹ್ಞೂಂ. ಇನ್ಮೇಲೆ ನಿನ್ನ ಬಕೆಟ್ ನೀನೇ ತುಂಬ್ಕೋ. ಪುಟ್ಟಿ ಹತ್ರ ಹೇಳಿ ಹೇಳಿ ಸಾಕಾಯ್ತು."

ಬುಧವಾರ, ಏಪ್ರಿಲ್ ೩

ಬೀರುವಿನ ಪುಸ್ತಕದಲ್ಲಿ ಈಗ ಮೂವತ್ತೊಂದು ಹೆಸರು. ಅಕ್ಕ ಎದುರು ಮನೆಯವರನ್ನೂ, ಅವರ ತಂಗಿಯನ್ನೂ ಕರೆತಂದಳು. ಎದುರು ಮನೆಯ ಅಜ್ಜನಿಗೂ ಇಸುಬಂತೆ. ಒಂದೇ ಬೀದಿಯ ಆಚೀಚೆ ಮೂರು ವರ್ಷದಿಂದ ಎರಡು ಮನೆಯವರೂ ಒಂದೇ ಮುಲಾಮನ್ನು ಬಚ್ಚಿಟ್ಟುಕೊಂಡಿದ್ದೆವು.

ಡಾಕ್ಟರಮ್ಮ ಇನ್ನೆರಡು ಪೆಟ್ಟಿಗೆಗೆ ಬರೆದಿದ್ದಾರೆ. ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಕೊಡುವ ತನಕ ಬರೆಯುತ್ತೇನೆ ಅಂದರು. ಇವರು ಬರೆಯುತ್ತಾರೆ, ನೋಡಿದರೆ ಗೊತ್ತಾಗುತ್ತದೆ.

ಶನಿವಾರ ದೊಡ್ಡ ತಾಲೀಮು. ಇಡೀ ಬಡಾವಣೆ. ನಿಜವಾಗಿ ಕಾಯಿಲೆ ಬಂದ ಹಾಗೆಯೇ. ಲಸಿಕೆ ಬರೀ ನೀರು, ಚುಚ್ಚುವುದು ನಾನು ಹೊಲಿದ ತೋಳುಗಳಿಗೆ. ಪ್ರಶ್ನೆ ಮಾತ್ರ ನಿಜ. ಮುನ್ನೂರು ಜನ.

ಶನಿವಾರ, ಏಪ್ರಿಲ್ ೬. ಬೆಳಿಗ್ಗೆ ೭.೪೦

ತಾಲೀಮಿಗೆ ಕೊಟ್ಟಿರುವುದು ಒಂದು ಶಾಲೆ. ನನಗೆ ಮೂಲೆಯ ಕೋಣೆ. ಬೇಗ ಬಂದೆ. ಓಡಿ ಹೋಗಬೇಕು ಅನ್ನಿಸುತ್ತಿಲ್ಲ.

ಗೇಟಿನ ಹೊರಗೆ ಆಗಲೇ ಸಾಲು. ಮೇಷ್ಟ್ರಮ್ಮ ಸಾಲಿನ ಉದ್ದಕ್ಕೂ ಓಡಾಡುತ್ತಿದ್ದಾರೆ, ಕೋಲು ಹಿಡಿಯದೆ. ಮುದುಕರನ್ನು ನೆರಳಿಗೆ ಕರೆತರುತ್ತಿದ್ದಾರೆ, ಅವರಲ್ಲಿ ಎಷ್ಟೋ ಜನ ಇವರಿಗಿಂತ ಚಿಕ್ಕವರು.

ಈ ಕೋಣೆಯ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಚಿಲಕವಿಲ್ಲ, ಬಿಟ್ಟರೆ ತಾನೇ ತೆರೆದುಕೊಳ್ಳುತ್ತದೆ. ಗ್ಲೌಸಿನ ಡಬ್ಬಿಯ ರಟ್ಟು ಹರಿದು, ನಾಲ್ಕು ಮಡಿಕೆ ಮಾಡಿ, ಸಂದಿಗೆ ಒತ್ತಿದೆ. ಕತ್ತರಿ ಅಣ್ಣನನ್ನು ಒಳಗೆ ಕೂರಿಸಿ ಮಾತಾಡು ಅಂದೆ, ಹೊರಗೆ ನಿಂತು ಕಿವಿ ಇಟ್ಟೆ. ಗುಂಯ್ ಅನ್ನುವ ಸದ್ದು ಬಂತು, ಒಂದು ಪದವೂ ತಿಳಿಯಲಿಲ್ಲ. ಈಗ ಸರಿ.

ಗೇಟು ತೆಗೆದರು. ಮೊದಲನೆಯವರು ಒಬ್ಬ ಹೆಂಗಸು, ಸೊಂಟದಲ್ಲಿ ಮಗು. ಎರಡನೇ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದೆ. ಅವರು ಬಾಗಿಲಿಗೆ ಬಂದರು, ಮಿಕ್ಕಿದ್ದು ರಾತ್ರಿ ಬರೆಯುತ್ತೇನೆ.